ತೀರಿದ ಸಾಲದ ಕಂತು

ನಮ್ಮ ಶಾಲೆಯಲ್ಲಿ ಸಂಬಳ "ಹತ್ತರೊಳಗೆ" ಆಗುತ್ತದೆ. ಹತ್ತರೊಳಗೆ ಅಂದರೆ ಒಂದನೇ ತಾರೀಖೂ ಆದೀತು, ಒಂಬತ್ತೂ ಆದೀತು. ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ನನಗೆ ಈ ಲೆಕ್ಕ ಗೊತ್ತಿಲ್ಲದ್ದೇನಲ್ಲ. ಆದರೂ 2024ರ ಜೂನ್‌ನಲ್ಲಿ ಮೊಬೈಲ್ ಆಪ್ ಒಂದರಿಂದ ಸಾಲ ಎತ್ತಿದಾಗ, ಕಂತಿನ ದಿನ 3 ಎಂದು ತೋರಿಸಿದ್ದನ್ನು ಸುಮ್ಮನೆ ಒಪ್ಪಿಬಿಟ್ಟೆ. ಮಗಳ ಪಿಯು ಹಾಸ್ಟೆಲ್ ಶುಲ್ಕಕ್ಕೆ ಇಪ್ಪತ್ತು ಸಾವಿರ ಕಡಿಮೆ ಬಿದ್ದಿತ್ತು, ಕಟ್ಟಲು ಉಳಿದಿದ್ದು ಎರಡೇ ದಿನ.

ಆಧಾರ್, ಪ್ಯಾನ್, ಒಂದು ಸೆಲ್ಫಿ, ಮೂರೋ ನಾಲ್ಕೋ ಒಟಿಪಿ. ಅನ್ನಕ್ಕಿಟ್ಟ ಕುಕ್ಕರ್ ಮೂರನೇ ಸೀಟಿ ಹಾಕುವ ಹೊತ್ತಿಗೆ ಹಣ ಖಾತೆಯಲ್ಲಿತ್ತು. ಇಪ್ಪತ್ತು ಸಾವಿರವಲ್ಲ, 18,820. ಪ್ರೊಸೆಸಿಂಗ್ ಶುಲ್ಕ ಸಾವಿರ, ಅದರ ಮೇಲೆ ಜಿಎಸ್‌ಟಿ 180 ಮೊದಲೇ ಮುರಿದುಕೊಂಡಿದ್ದರು. ಬಡ್ಡಿ ಮಾತ್ರ ಪೂರ್ತಿ ಇಪ್ಪತ್ತು ಸಾವಿರಕ್ಕೆ. ಆರು ಕಂತು, ತಲಾ 3,780. ಸಾಲದ ವಾರ್ಷಿಕ ವೆಚ್ಚ, ಶುಲ್ಕ, ದಂಡ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಆ ಹಾಳೆ ನನ್ನ ಮೇಲ್‌ಗೂ ಬಂದಿತ್ತು. ನಾನು ಅದನ್ನು ತೆರೆದದ್ದು ನವೆಂಬರ್‌ನಲ್ಲಿ.

ಜುಲೈ 3ಕ್ಕೆ ಸಂಬಳ ಬಂದಿರಲಿಲ್ಲ. ಖಾತೆಯಲ್ಲಿ ಎರಡು ಸಾವಿರದ ಚಿಲ್ಲರೆ. ಕಂತು ಬೌನ್ಸ್ ಆಯಿತು. ಬ್ಯಾಂಕು 500 ರೂಪಾಯಿ ದಂಡ, 90 ರೂಪಾಯಿ ಜಿಎಸ್‌ಟಿ ಸೇರಿಸಿ 590 ಕಡಿಯಿತು. 6ನೇ ತಾರೀಖು ಕಂಪನಿಯವರು ಅದೇ ಕಂತನ್ನು ಮತ್ತೆ ಕಳಿಸಿದರು. ಸಂಬಳ ಇನ್ನೂ ಆಗಿರಲಿಲ್ಲ, ಇನ್ನೊಂದು 590. 8ಕ್ಕೆ ಸಂಬಳ ಆಯಿತು, ಮರುದಿನ ಕಂತು ಕಟ್ಟಲು ಹೋದರೆ ಕಂಪನಿಯವರ ಸ್ವಂತ ಬೌನ್ಸ್ ಶುಲ್ಕ ಮತ್ತೊಂದು 590. ಐದಾರು ದಿನದ ತಡಕ್ಕೆ 1,770 ರೂಪಾಯಿ. 3,780ರ ಕಂತಿನ ಹತ್ತಿರ ಹತ್ತಿರ ಅರ್ಧ! ಹತ್ತನೇ ತರಗತಿಯ ಮಕ್ಕಳಿಗೆ ಶೇಕಡಾವಾರು ಲೆಕ್ಕ ಹಾಕಿಸುವ ನಾನು ಇದನ್ನು ಹಾಲಿನ ಚೀಟಿಯ ಹಿಂದೆ ಬರೆದು, ಮಡಚಿ, ಪರ್ಸಿನಲ್ಲಿಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ನಮ್ಮ ಮನೆಯವರಿಗೂ.

ಆಗಸ್ಟ್, ಸೆಪ್ಟೆಂಬರ್ ಕಂತುಗಳಿಗೆ ಮೊದಲೇ ಹಣ ಹೊಂದಿಸಿಟ್ಟೆ. ಸೆಪ್ಟೆಂಬರ್ ಮಧ್ಯದಲ್ಲಿ ನಮ್ಮ ಬೀದಿಯ ಸಂಘದಲ್ಲಿ ಸಾಲ ಎತ್ತುವ ನನ್ನ ಸರದಿ ಬಂತು. ಆ ಸಾಲದಿಂದ ಆಪ್‌ನ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಕಟ್ಟಿ ಮುಗಿಸಿದೆ. "ನಿಮ್ಮ ಸಾಲ ಮುಕ್ತಾಯವಾಗಿದೆ" ಎಂದು ಹಸಿರು ಬಣ್ಣದಲ್ಲಿ ಬಂತು, ರಸೀದಿಯೂ ಬಂತು. ಆಪ್ ತೆಗೆದುಹಾಕಿ ನೆಮ್ಮದಿಯಾಗಿ ಮಲಗಿದೆ. ಆಪ್ ಅಳಿಸಿದರೆ ಎಲ್ಲ ಮುಗಿಯಿತು ಎಂದುಕೊಂಡದ್ದೇ ನನ್ನ ದೊಡ್ಡ ತಪ್ಪು.

ದಸರಾ ಖರ್ಚಿಗಿರಲಿ ಎಂದು ಆ ಸಲ ಆಡಳಿತ ಮಂಡಳಿಯವರು ಅಪರೂಪಕ್ಕೆ ಒಂದನೇ ತಾರೀಖಿಗೇ ಸಂಬಳ ಹಾಕಿದ್ದರು. ಅಕ್ಟೋಬರ್ 3, ನವರಾತ್ರಿಯ ಮೊದಲ ದಿನ. ಬೆಳಿಗ್ಗೆ ಘಟ ಕೂರಿಸಿ ಎದ್ದರೆ ಮೊಬೈಲಿನಲ್ಲಿ ಸಂದೇಶ: 3,780 ಕಡಿತ. ತೀರಿದ ಸಾಲಕ್ಕೆ ಕಂತು!

ಗ್ರಾಹಕ ಸೇವೆಗೆ ಫೋನ್ ಮಾಡಿದೆ. "ಸಿಸ್ಟಂನಲ್ಲಿ ಅಪ್‌ಡೇಟ್ ಆಗ್ಬೇಕು ಮೇಡಂ, ಏಳು ವರ್ಕಿಂಗ್ ಡೇಸ್" ಎಂದಳು ಒಬ್ಬ ಹುಡುಗಿ. ಏಳು ದಿನ ಕಳೆದ ಮೇಲೆ ಇನ್ನೊಬ್ಬ ಹುಡುಗ ಅದೇ ಏಳು ದಿನ ಹೇಳಿದ. ಹೀಗೆ ನಾಲ್ಕು ಸಲ. ಅಷ್ಟೂ ಮಾತು ಗಾಳಿಗೆ ಹೋಯಿತು. ನನ್ನ ಕೈಯಲ್ಲಿ ಒಂದು ದೂರಿನ ಸಂಖ್ಯೆಯೂ ಇರಲಿಲ್ಲ.

ನವೆಂಬರ್ 3, ಬಲಿಪಾಡ್ಯಮಿಯ ಮಾರನೆಯ ದಿನ, ಭಾನುವಾರ. ಬ್ಯಾಂಕಿಗೆ ರಜೆಯಿದ್ದರೂ ಕಂತು ಎಳೆಯುವ ಯಂತ್ರಕ್ಕೆ ರಜೆಯಿಲ್ಲ. ಖಾತೆಯಿಂದ ಕಂತುಗಳನ್ನು ತಾನಾಗಿ ಕಡಿಯುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ನಡೆಯುತ್ತದೆ. ಹಬ್ಬ ಮುಗಿದ ಖಾತೆಯಲ್ಲಿ ಇದ್ದದ್ದು 212 ರೂಪಾಯಿ. ಕಂತು ಬೌನ್ಸ್. ದಂಡ 590. ಬ್ಯಾಂಕು ಇದ್ದ 212 ತೆಗೆದುಕೊಂಡು ಉಳಿದ 378ಕ್ಕೆ ಖಾತೆಯ ಮೇಲೆ ಹಿಡಿತ ಹಾಕಿತು, ಬ್ಯಾಂಕಿನವರ ಮಾತಿನಲ್ಲಿ "ಲೀನ್". ಮುಂದೆ ಸಂಬಳ ಬಂದಾಗ ಮೊದಲು ಹೋಗುವುದು ಅದೇ.

ಅದೇ ರಾತ್ರಿ ಒಂಬತ್ತಕ್ಕೆ ವಸೂಲಿಯವನ ಫೋನ್. ಎತ್ತಿದ್ದು ನಮ್ಮ ಮನೆಯವರು. ಕಂತು ಬೌನ್ಸ್ ಆದರೆ 25ನೇ ಸೆಕ್ಷನ್, ಜೈಲು ಎಂದನಂತೆ. ಅಂಥ ಕಲಮು ಇರುವುದು ನಿಜ, 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯಲ್ಲಿ. ಆದರೆ ಅದು ಇರುವ ಸಾಲಕ್ಕೆ, ತೀರಿದ ಸಾಲಕ್ಕಲ್ಲ. ಸಂಜೆ ಏಳರ ಮೇಲೆ ವಸೂಲಿಗೆ ಫೋನ್ ಮಾಡಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಇದೆಲ್ಲ ಆಮೇಲೆ ತಿಳಿದದ್ದು. ಆ ರಾತ್ರಿ ನನ್ನ ಕೈ ನಡುಗುತ್ತಿತ್ತು. ಮನೆಯವರು ಬೈಯಲಿಲ್ಲ. "ಜೂನ್‌ನಲ್ಲೇ ಹೇಳಿದ್ರೆ ನಮ್ಮ ಅಣ್ಣನ್ನ ಕೇಳ್ತಿದ್ವಲ್ಲ" ಎಂದಷ್ಟೇ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಸೋಮವಾರ ಅರ್ಧ ದಿನ ರಜೆ ಹಾಕಿ ಶಾಖೆಗೆ ಹೋದೆ. ಕೌಂಟರಿನ ಹುಡುಗ "ಚಾರ್ಜ್ ನಾವು ಹಾಕಲ್ಲ ಮೇಡಂ, ಸಿಸ್ಟಮೇ ಹಾಕೋದು" ಎಂದ. ಸಿಸ್ಟಂ ಎನ್ನುವವರು ಯಾರು, ಅವರ ಟೇಬಲ್ ಯಾವುದು ಎಂದು ಕೇಳಬೇಕೆನಿಸಿತು. ಒಳಗಿದ್ದ ವಯಸ್ಸಾದ ಅಧಿಕಾರಿಯೊಬ್ಬರು ಕರೆದು ಕೂರಿಸಿ, ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ನೋಡ್ರಿ ಮೇಡಂ, ನೀವು ಕೊಟ್ಟ ಮ್ಯಾಂಡೇಟ್ ಇದು."

ಮ್ಯಾಂಡೇಟ್ ಅಂದರೆ ಖಾತೆಯಿಂದ ಕಂತು ಎಳೆದುಕೊಳ್ಳಲು ಕೊಟ್ಟ ಅನುಮತಿ. ಅಲ್ಲಿದ್ದದ್ದನ್ನು ಈಗಲೂ ಮರೆತಿಲ್ಲ. ಗರಿಷ್ಠ ಮೊತ್ತ 40,000. ಎಷ್ಟು ಸಲ ಎಂಬಲ್ಲಿ ತಿಂಗಳಿಗೊಮ್ಮೆ ಎಂದಿರಲಿಲ್ಲ, ಕಂಪನಿ ಕೇಳಿದಾಗಲೆಲ್ಲ ಎಂದಿತ್ತು. ಮುಕ್ತಾಯ 2034. ಆರು ತಿಂಗಳ, ಇಪ್ಪತ್ತು ಸಾವಿರದ ಸಾಲಕ್ಕೆ ನಾನು ಹತ್ತು ವರ್ಷ ಬೀರುವಿನ ಕೀಲಿ ಕೊಟ್ಟಿದ್ದೆ, ಒಂದು ಒಟಿಪಿಯಲ್ಲಿ. ಸಾಲ ಬೇರೆ, ಮ್ಯಾಂಡೇಟ್ ಬೇರೆ. ಸಾಲ ತೀರಿದರೂ ಮ್ಯಾಂಡೇಟ್ ತಾನಾಗಿ ಸಾಯುವುದಿಲ್ಲ; ಯಾರಾದರೂ ರದ್ದು ಮಾಡಬೇಕು. ಸಾಲ ಇರುವಾಗಲೂ ಮ್ಯಾಂಡೇಟ್ ರದ್ದು ಮಾಡಬಹುದು, ಅದರಿಂದ ಸಾಲ ಮಾತ್ರ ತಪ್ಪದು, ಬೇರೆ ದಾರಿಯಲ್ಲಿ ಕಟ್ಟಬೇಕು.

ಒಪ್ಪಿಗೆಯಿಲ್ಲದೆ ಹೋದ ಹಣವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯನ್ನು ಎಲ್ಲೋ ಓದಿದ್ದೆ. ಅದನ್ನೇ ಹಿಡಿದು ವಾದಿಸಿದೆ. "ಅದು ವಂಚಕರು ಖಾತೆಗೆ ಕೈಹಾಕಿದಾಗ. ಇಲ್ಲಿ ನಿಮ್ಮ ಒಪ್ಪಿಗೆ ಇದೆಯಲ್ಲಮ್ಮಾ" ಎಂದರು ಅಧಿಕಾರಿ. ಹೌದು, ಇತ್ತು. ಹಾಗಾಗಿ ನನ್ನನ್ನು ಉಳಿಸಿದ್ದು ಆ ಸುತ್ತೋಲೆಯಲ್ಲ, ಸೆಪ್ಟೆಂಬರಿನ ರಸೀದಿ.

ಮ್ಯಾಂಡೇಟ್ ರದ್ದು ಮಾಡಿ ಎಂದು ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಅರ್ಜಿ ಬರೆದೆ. ಮ್ಯಾಂಡೇಟಿನ ಇಪ್ಪತ್ತು ಸ್ಥಾನದ ಸಂಖ್ಯೆಯನ್ನು ಅಧಿಕಾರಿ ಓದಿ ಹೇಳಿದರು, ನಾನು ಎರಡು ಸಲ ತಾಳೆ ನೋಡಿದೆ. ಎರಡನೇ ಪ್ರತಿಗೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡೆ. ನಾಲ್ಕು ಫೋನ್ ಕರೆ ಮಾಡದ ಕೆಲಸವನ್ನು ಆ ಸೀಲು ಮಾಡಿತು. ಡಿಸೆಂಬರ್ 3ರಂದು ಯಾರೂ ಖಾತೆಗೆ ಕೈಹಾಕಲಿಲ್ಲ.

ಸಾಲ ಕೊಟ್ಟ ಕಂಪನಿಯ ಕುಂದುಕೊರತೆ ಅಧಿಕಾರಿಯ ಮೇಲ್ ವಿಳಾಸ, ನಾನು ತೆರೆಯದೆ ಬಿಟ್ಟಿದ್ದ ಆ ಹಾಳೆಯಲ್ಲೇ ಇತ್ತು. ಬೈಗುಳವಿಲ್ಲದೆ ಹತ್ತು ಸಾಲು ಬರೆದೆ: ಸಾಲ ಮುಗಿದ ದಿನ, ರಸೀದಿ, ಎರಡು ಸಲ ಎಳೆದ ದಿನಾಂಕ, ವಾಪಸ್ ಬರಬೇಕಾದ ಮೊತ್ತ. ಮೂವತ್ತು ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ ಎಂದು ಕೊನೆಗೆ ಸೇರಿಸಿದೆ. ಡಿಸೆಂಬರ್ ಮೊದಲ ವಾರದ ಹೊತ್ತಿಗೆ 3,780 ಮರಳಿತು. 590ಕ್ಕೆ ಮಾತ್ರ ಬ್ಯಾಂಕು ಕಂಪನಿಯತ್ತ, ಕಂಪನಿ ಬ್ಯಾಂಕಿನತ್ತ ಬೆರಳು ತೋರಿದವು. ಮನೆಯವರು "ಹೋಗ್ಲಿ ಬಿಡು" ಎಂದರು. ನಾನು ಬಿಡಲಿಲ್ಲ. ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ದಾರಿ ಹೇಳಿದರು. ಆನ್‌ಲೈನ್‌ನಲ್ಲೇ ದೂರು ಕೊಟ್ಟೆ, ಅದಕ್ಕೆ ಒಂದು ಪೈಸೆಯೂ ಬೇಕಿಲ್ಲ. ಜನವರಿಯಲ್ಲಿ ಕಂಪನಿಯೇ 590 ಹಾಕಿತು. ನನ್ನ ಪುಣ್ಯಕ್ಕೆ ಆ ಆಪ್‌ನ ಹಿಂದೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿ ಇತ್ತು. ಹೆಸರು ವಿಳಾಸ ಇಲ್ಲದ ಆಪ್‌ಗಳ ಕೈಗೆ ಸಿಕ್ಕವರಿಗೆ ಈ ದಾರಿಯಿಲ್ಲ, ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಪೊಲೀಸ್ ಠಾಣೆಗೇ ಹೋಗಬೇಕು.

ಜುಲೈನ 1,770 ಬರಲಿಲ್ಲ, ನಾನೂ ಕೇಳಲಿಲ್ಲ. ಅದು ನನ್ನದೇ ತಡ. ಒಂದೇ ಕಂತಿಗೆ ಮೂರು ದಂಡ ನ್ಯಾಯವೇ ಎಂದರೆ ಅಲ್ಲ ಎಂದೇ ಹೇಳುತ್ತೇನೆ.

ಕಂತಿನ ಸಾಲ ತೀರಿಸಿದವರು ಇದನ್ನು ಓದುತ್ತಿದ್ದರೆ, ಒಮ್ಮೆ ಬ್ಯಾಂಕಿಗೆ ಹೋಗಿ ನಿಮ್ಮ ಖಾತೆಯ ಮೇಲೆ ಎಷ್ಟು ಮ್ಯಾಂಡೇಟ್ ಇನ್ನೂ ಜೀವಂತ ಇವೆ ಎಂದು ಕೇಳಿ. ಆ ಸೋಮವಾರ ನನ್ನ ಖಾತೆಯಲ್ಲಿ ಇನ್ನೊಂದು ಸಿಕ್ಕಿತು. 2021ರಲ್ಲಿ ಕಂತಿನ ಮೇಲೆ ತಂದ ಫ್ರಿಜ್‌ನದು.