ಕರುಳಿನ ಸ್ನಾಯುವಿಗೆ ಅಪ್ಪಣೆ ಕೊಡುವವರು ಯಾರು?

ಪರೀಕ್ಷೆಯ ದಿನ ಬೆಳಗ್ಗೆ ತನ್ನ ಹೊಟ್ಟೆಯೊಳಗಿನ ಗುಡುಗುಡು ಸದ್ದನ್ನು ಕೇಳದ ವಿದ್ಯಾರ್ಥಿ ಯಾರಿದ್ದಾನೆ? ಬೇಡವೆಂದರೆ ಅದು ನಿಲ್ಲದು, ಬೇಕೆಂದರೆ ಆರಂಭವಾಗದು. ಕೈಯನ್ನೆತ್ತಬೇಕೆಂದು ನಾವು ಬಯಸಿದೊಡನೆ ತೋಳಿನ ಸ್ನಾಯುಗಳು ಸಂಕೋಚಗೊಂಡು ಕೈ ಮೇಲೇಳುತ್ತದೆ. ಕರುಳಿನ ಸ್ನಾಯುಗಳಾದರೋ ನಮ್ಮ ಇಚ್ಛೆಗೆ ಒಳಪಟ್ಟವಲ್ಲ. ಆದುದರಿಂದಲೇ ಅವುಗಳಿಗೆ ಅನೈಚ್ಛಿಕ ಸ್ನಾಯುಗಳೆಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ತೋಳಿನ ಸ್ನಾಯುವಿನ ಮೇಲೆ ಕಾಣುವ ಅಡ್ಡಪಟ್ಟೆಗಳು ಇವುಗಳಲ್ಲಿ ಕಾಣದಿರುವುದರಿಂದ ನುಣುಪು ಸ್ನಾಯುಗಳೆಂದೂ ಇವನ್ನು ಕರೆಯುವರು. ಇವುಗಳ ಒಂದೊಂದು ಜೀವಕೋಶವೂ ಕದಿರಿನ ಆಕಾರದ್ದು. ನಡುವೆ ದಪ್ಪ, ಎರಡು ತುದಿಗಳಲ್ಲಿ ಚೂಪು.

ಉಂಡ ಅನ್ನವು ಕರುಳಿನಲ್ಲಿ ಮುಂದೆ ಸಾಗುವ ಕ್ರಮವನ್ನು 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ವಿವರಿಸಿದರು. ಆಹಾರದ ಮುದ್ದೆಯ ಹಿಂದಿರುವ ಕರುಳು ಬಿಗಿಯುತ್ತದೆ, ಮುಂದಿರುವುದು ಸಡಿಲಗೊಳ್ಳುತ್ತದೆ. ಮುಂದಿನ ಭಾಗವೂ ಬಿಗಿದುಕೊಂಡೇ ಇದ್ದರೆ ಹಿಂದಿನಿಂದ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಆದಕಾರಣ ಕರುಳಿನ ಸ್ನಾಯುಕೋಶಗಳಿಗೆ ಎರಡು ಬಗೆಯ ಅಪ್ಪಣೆಗಳು ತಲಪಬೇಕು: ಬಿಗಿಯೆಂಬುದೊಂದು, ಸಡಿಲಿಸೆಂಬುದೊಂದು. ಈ ಎರಡನೆಯದರ ಮಹತ್ವವನ್ನು ಸಾಮಾನ್ಯವಾಗಿ ನಾವು ಮರೆಯುತ್ತೇವೆ. ಅದನ್ನು ಮರೆತುದರಿಂದ ವೈದ್ಯರಿಗೇ ಒಮ್ಮೆ ದಾರಿ ತಪ್ಪಿತ್ತೆಂಬುದನ್ನು ಮುಂದೆ ನೋಡುವೆವು.

ಬಿಗಿಯುವ ಅಪ್ಪಣೆಯನ್ನು ತರುವ ಮುಖ್ಯ ವಸ್ತು ಅಸಿಟೈಲ್‌ಕೋಲೀನ್. ಕರುಳಿನ ಗೋಡೆಯೊಳಗೇ 10 ಕೋಟಿಗೂ ಮಿಕ್ಕ ನರಕೋಶಗಳಿವೆ. ಅವುಗಳ ತುದಿಗಳಿಂದ ಅದು ಹೊರಬೀಳುತ್ತದೆ. ಆದರೆ ಈ ದೂತನು ಸ್ನಾಯುಕೋಶದ ಒಳಕ್ಕೆ ಕಾಲಿಡುವುದಿಲ್ಲ. ಪೊರೆಯ ಮೇಲಿರುವ ಗ್ರಾಹಕವೆಂಬ ಪ್ರೋಟೀನಿಗೆ ಅಂಟಿಕೊಂಡು, ಬಾಗಿಲಲ್ಲಿಯೇ ನಿಂತು ಸುದ್ದಿ ಹೇಳಿ ಹೊರಟುಹೋಗುತ್ತಾನೆ. ಹಾಗಾದರೆ ಒಳಮನೆಗೆ ಸುದ್ದಿ ಮುಟ್ಟಿಸುವವರು ಯಾರು?

ಇದಕ್ಕೆ ಉತ್ತರವನ್ನು ಹುಡುಕಲು ನಲ್ಲಿಯ ನೀರಿನ ಕಥೆಯೊಂದನ್ನು ತಿಳಿಯಬೇಕು. 1880ರ ದಶಕದ ಆರಂಭದಲ್ಲಿ ಸಿಡ್ನಿ ರಿಂಗರ್ ಎಂಬ ಆಂಗ್ಲ ವೈದ್ಯರು ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪುನೀರಿನಲ್ಲಿಟ್ಟು, ಅದು ಮಿಡಿಯುತ್ತಲೇ ಇರುವುದನ್ನು ಕಂಡಿದ್ದರು. ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಲ್ಲಲ್ಲ, ಲಂಡನ್ನಿನ ನಲ್ಲಿ ನೀರಿನಲ್ಲಿ ತಯಾರಿಸಲಾಗಿತ್ತೆಂಬುದು ಆಮೇಲೆ ತಿಳಿಯಿತು. ಶುದ್ಧವಾದ ನೀರನ್ನು ಉಪಯೋಗಿಸಿದಾಗ ಹೃದಯದ ಮಿಡಿತ ಬೇಗನೆ ಕುಗ್ಗಿತು! ಹಾಗಾದರೆ ನಲ್ಲಿ ನೀರಿನಲ್ಲಿದ್ದ ವಿಶೇಷವೇನು? ಅದರಲ್ಲಿ ಕರಗಿದ್ದ ಅಲ್ಪ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ತಮ್ಮ ಪ್ರಯೋಗದ ಲೋಪವನ್ನು ಮುಚ್ಚಿಡದೆ 1883ರಲ್ಲಿ ರಿಂಗರರು ಪ್ರಕಟಿಸಿದ್ದರಿಂದ ಶರೀರವಿಜ್ಞಾನಕ್ಕೆ ಆದ ಲಾಭ ಅಷ್ಟಿಷ್ಟಲ್ಲ.

ಕರುಳಿನಲ್ಲಿಯೂ ಒಳಗಿನ ಸಂದೇಶವಾಹಕ ಈ ಕ್ಯಾಲ್ಸಿಯಂ ಅಯಾನೇ. ಕೋಶದ ಹೊರಗಿನ ದ್ರವದಲ್ಲಿ ಅದರ ಸಾಂದ್ರತೆಯು ವಿಶ್ರಾಂತಿಯಲ್ಲಿರುವ ಕೋಶದೊಳಗಿನದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಇದನ್ನು ಏರಿಯ ಹಿಂದೆ ತುಂಬಿ ನಿಂತ ಕೆರೆಗೆ ಹೋಲಿಸಬಹುದು. ಕೆಳಗಿನ ಗದ್ದೆ ಒಣಗಿದೆ. ತೂಬನ್ನು ಸ್ವಲ್ಪ ಎತ್ತಿದರೆ ಸಾಕು, ನೀರು ನುಗ್ಗುತ್ತದೆ. ಕೋಶದ ಒಳಗೂ ಪೊರೆಯ ಚೀಲಗಳಲ್ಲಿ ಕ್ಯಾಲ್ಸಿಯಂ ಶೇಖರವಾಗಿರುವುದರಿಂದ ಇಲ್ಲಿ ಕೆರೆಗಳು ಎರಡೆನ್ನಬೇಕು. ಹೊರಗಿನ ಕೆರೆಯ ತೂಬುಗಳು ಪೊರೆಯ ವಿದ್ಯುತ್ ವ್ಯತ್ಯಾಸಕ್ಕೆ ಅನುಸಾರವಾಗಿ ತೆರೆಯುತ್ತವೆ. ಈ ವಿದ್ಯುತ್ತಿಗೆ ತಾಳ ಹಾಕುವ ಬೇರೆ ಕೋಶಗಳೇ ಇವೆ; ಅವುಗಳಿಗೆ ಸ್ಪೇನಿನ ಕಹಾಲ್ ಎಂಬ ವಿಜ್ಞಾನಿಯ ಹೆಸರಿದೆ. ಮನುಷ್ಯನ ಸಣ್ಣಕರುಳಿನ ಮೊದಲ ಭಾಗದಲ್ಲಿ ನಿಮಿಷಕ್ಕೆ ಸುಮಾರು 12, ಕೊನೆಯಲ್ಲಿ ಸುಮಾರು 8 ಬಾರಿ ಈ ತಾಳ ಬೀಳುತ್ತದೆ.

ಒಳಗಿನ ಚೀಲದ ತೂಬನ್ನೆತ್ತುವ ರೀತಿಯು ಇನ್ನೂ ಸ್ವಾರಸ್ಯವಾದುದು. ಅಸಿಟೈಲ್‌ಕೋಲೀನ್ ಅಂಟಿದೊಡನೆ ಗ್ರಾಹಕವು ತನ್ನ ನೆರೆಯ ಪ್ರೋಟೀನೊಂದನ್ನು ಚೇತನಗೊಳಿಸುತ್ತದೆ. ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಕಿಣ್ವವು ಪೊರೆಯಲ್ಲಿಯೇ ಇರುವ ಒಂದು ಬಗೆಯ ಕೊಬ್ಬಿನ ಅಣುವನ್ನು ಎರಡಾಗಿ ಸೀಳುತ್ತದೆ. ಒಂದು ತುಂಡು ಪೊರೆಯಲ್ಲಿಯೇ ಉಳಿಯುವುದು. ಇನಾಸಿಟಾಲ್ ಟ್ರೈಫಾಸ್ಫೇಟ್ ಎಂಬ ಇನ್ನೊಂದು ತುಂಡು ನೀರಿನಲ್ಲಿ ಕರಗಿ, ಚೀಲದವರೆಗೆ ಹರಿದುಹೋಗಿ, ಅದರ ಬಾಗಿಲನ್ನು ತೆರೆಯುವುದು. ಈ ತುಂಡಿಗೆ ಇಂಥ ಶಕ್ತಿಯುಂಟೆಂಬುದು ಮೊದಲು ಗೊತ್ತಾದುದು ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ. ಬೆರಿಜ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು 1983ರಲ್ಲಿ ಪ್ರಕಟಿಸಿದರು.

ಹೀಗೆ ಹರಿದುಬಂದ ಕ್ಯಾಲ್ಸಿಯಂ ಮಾಡುವ ಕೆಲಸವೇನು? ತೋಳಿನ ಸ್ನಾಯುವಿನಲ್ಲಿ ಅದು ಟ್ರೋಪೋನಿನ್ ಎಂಬ ಪ್ರೋಟೀನಿನ ಮೇಲೆ ಕುಳಿತೊಡನೆ ಸಂಕೋಚ ಆರಂಭವಾಗುತ್ತದೆ. ನುಣುಪು ಸ್ನಾಯುವಿನಲ್ಲಿ ಆ ಏರ್ಪಾಡಿಲ್ಲ. ಇಲ್ಲಿ ಕ್ಯಾಲ್ಸಿಯಂ ಮೊದಲು ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೋಟೀನನ್ನು ಸೇರುತ್ತದೆ. ಅವೆರಡೂ ಕೂಡಿ ಒಂದು ಕಿಣ್ವವನ್ನು ಎಚ್ಚರಿಸುತ್ತವೆ. ಆ ಕಿಣ್ವವು ಮಯೋಸಿನ್ ಎಳೆಗೆ ಫಾಸ್ಫೇಟನ್ನು ಅಂಟಿಸುತ್ತದೆ. ಆಗ ಮಾತ್ರ ಮಯೋಸಿನ್ ತನ್ನ ಪಕ್ಕದ ಆಕ್ಟಿನ್ ಎಳೆಯನ್ನು ಹಿಡಿದೆಳೆಯಬಲ್ಲುದು. ಇಷ್ಟು ಕೈ ಬದಲಾಗಬೇಕಾದುದರಿಂದ ಕರುಳಿನ ಸಂಕೋಚ ನಿಧಾನ. ನಿಧಾನವಾದರೂ ಹಿಡಿದ ಪಟ್ಟನ್ನು ಅತ್ಯಲ್ಪ ಶಕ್ತಿಯ ವೆಚ್ಚದಲ್ಲಿ ಬಹು ಹೊತ್ತು ಉಳಿಸಿಕೊಳ್ಳಬಲ್ಲ ಸಾಮರ್ಥ್ಯ ಇದಕ್ಕುಂಟು.

ಇನ್ನು ಸಡಿಲಿಸುವ ಅಪ್ಪಣೆ. ಕ್ಯಾಲ್ಸಿಯಮನ್ನು ಹೊರಕ್ಕೂ ಚೀಲಗಳಿಗೂ ಮರಳಿ ತಳ್ಳುವ ಪಂಪುಗಳಿವೆ. ಫಾಸ್ಫೇಟನ್ನು ಕಿತ್ತುಹಾಕುವ ಮತ್ತೊಂದು ಕಿಣ್ವವೂ ಇದೆ. ಇವುಗಳನ್ನು ಚುರುಕುಗೊಳಿಸಲು ನರದ ತುದಿಗಳಿಂದ ಬರುವ ದೂತರಲ್ಲಿ ಪ್ರಮುಖವಾದುದು ನೈಟ್ರಿಕ್ ಆಕ್ಸೈಡ್. ವಾಹನಗಳ ಹೊಗೆಯಲ್ಲಿರುವ ಅನಿಲವೇ ನಮ್ಮ ಕರುಳಿನ ದೂತನೂ ಹೌದೆಂದರೆ ನಂಬುವುದು ಕಷ್ಟ! ಅನಿಲವಾದುದರಿಂದ ಅದಕ್ಕೆ ಬಾಗಿಲ ಹಂಗಿಲ್ಲ. ಪೊರೆಯನ್ನು ನೇರವಾಗಿ ದಾಟಿ ಒಳಹೊಕ್ಕು, ಸೈಕ್ಲಿಕ್ ಜಿಎಂಪಿ ಎಂಬ ವಸ್ತುವನ್ನು ತಯಾರಿಸುವ ಕಿಣ್ವವನ್ನು ಪ್ರಚೋದಿಸುತ್ತದೆ. ರಕ್ತನಾಳಗಳಲ್ಲಿ ಈ ಅನಿಲದ ಪಾತ್ರವನ್ನು ತೋರಿಸಿದ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಅವರಿಗೆ 1998ರ ನೊಬೆಲ್ ಬಹುಮಾನ ಬಂದಿತು.

ಸಡಿಲಿಸುವ ಅಪ್ಪಣೆ ಬಾರದಿದ್ದರೆ ಏನಾಗುವುದೆಂಬುದಕ್ಕೆ ಕೆಲವು ಹಸುಗೂಸುಗಳೇ ದುಃಖಕರವಾದ ಸಾಕ್ಷಿ. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ದೊಡ್ಡಕರುಳಿನ ಕೊನೆಯ ಭಾಗದ ನರಕೋಶಗಳು ಹುಟ್ಟಿನಿಂದಲೇ ಇರುವುದಿಲ್ಲ. ಕೋಪನ್‌ಹೇಗನ್ನಿನ ಹಿರ್ಶ್‌ಸ್ಪ್ರುಂಗ್ ಎಂಬ ಮಕ್ಕಳ ವೈದ್ಯರು 1886ರಲ್ಲಿ ಈ ರೋಗವನ್ನು ವರ್ಣಿಸಿದರು. ಮಗುವಿನ ಹೊಟ್ಟೆ ಉಬ್ಬುತ್ತದೆ, ಮಲವಿಸರ್ಜನೆಯಾಗುವುದಿಲ್ಲ. ಒಳಗೆ ನೋಡಿದರೆ ಕರುಳಿನ ಒಂದು ಭಾಗ ಬಹಳ ಹಿಗ್ಗಿರುತ್ತದೆ. ಹಿಗ್ಗಿದ ಭಾಗವೇ ರೋಗಗ್ರಸ್ತವೆಂದು ವೈದ್ಯರು ದಶಕಗಳ ಕಾಲ ಭಾವಿಸಿದ್ದರು. ನಿಜಕ್ಕೂ ಅದು ನರಕೋಶಗಳುಳ್ಳ ಕರುಳು. ದಾರಿ ಕಟ್ಟಿದ್ದರಿಂದ ಉಬ್ಬಿದುದು. ನೋಡಲು ಸಹಜವಾಗಿ ಕಾಣುವ ಕೆಳಗಿನ ಕಿರಿದಾದ ತುಂಡು, ಸಡಿಲಿಸೆನ್ನುವವರಿಲ್ಲದೆ ಸದಾ ಬಿಗಿದೇ ಇರುತ್ತದೆ. ಆ ತುಂಡನ್ನು ತೆಗೆದುಹಾಕುವ ಶಸ್ತ್ರಕ್ರಿಯೆಯನ್ನು ಅಮೆರಿಕದ ಸ್ವೆನ್ಸನ್ 1948ರಲ್ಲಿ ಪ್ರಕಟಿಸಿದ ಮೇಲೆ ಎಷ್ಟೋ ಮಕ್ಕಳು ಬದುಕಿಕೊಂಡರು. ಹುಟ್ಟಿದ ಎರಡು ದಿನಗಳೊಳಗೆ ಕೂಸು ಮೊದಲ ಮಲವನ್ನು ವಿಸರ್ಜಿಸದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕೆಂದು ಹೇಳುವುದು ಇದಕ್ಕಾಗಿಯೇ.

ಬಿಗಿಯುವ ಅಪ್ಪಣೆ ಮಿತಿಮೀರಿದರೂ ಅಪಾಯ ತಪ್ಪಿದ್ದಲ್ಲ. ತನ್ನ ಕೆಲಸ ಮುಗಿದೊಡನೆ ಅಸಿಟೈಲ್‌ಕೋಲೀನನ್ನು ಒಂದು ಕಿಣ್ವವು ಒಡೆದುಹಾಕಬೇಕು. ಹೊಲಗಳಿಗೆ ಸಿಂಪಡಿಸುವ ರಂಜಕಯುಕ್ತ ಕೀಟನಾಶಕಗಳಲ್ಲಿ ಹಲವು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಅಂಥ ವಿಷ ಮೈಸೇರಿದವನಿಗೆ ಹೊಟ್ಟೆ ನುಲಿಯುತ್ತದೆ, ಭೇದಿಯಾಗುತ್ತದೆ, ಬಾಯಿಯಲ್ಲಿ ಜೊಲ್ಲು ಸುರಿಯುತ್ತದೆ. ಶ್ವಾಸನಾಳಗಳಲ್ಲಿ ನೀರು ತುಂಬಿ ಪ್ರಾಣಕ್ಕೆ ಬರುತ್ತದೆ. ಆಗ ಆಸ್ಪತ್ರೆಯಲ್ಲಿ ಕೊಡುವ ಮದ್ದು ಅಟ್ರೋಪೀನ್. ಇದು ಗ್ರಾಹಕದಲ್ಲಿ ತಾನೇ ಕುಳಿತು ಅಸಿಟೈಲ್‌ಕೋಲೀನಿಗೆ ಎಡೆಗೊಡದು. ನಮ್ಮ ಬೇಲಿಗಳಲ್ಲಿ ಬೆಳೆಯುವ ದತ್ತೂರಿಯಲ್ಲಿಯೂ ಇದೇ ವಸ್ತುವಿದ್ದು, ಅದರ ಬೀಜ ತಿಂದವರ ಬಾಯಿ ಒಣಗುವುದೂ ಕರುಳು ಸ್ತಬ್ಧವಾಗುವುದೂ ಇದರಿಂದಲೇ. ಹೀಗಿರುವುದರಿಂದ ಕೀಟನಾಶಕದ ವಿಷವೇರಿದ ರೋಗಿಗೆ ಅಟ್ರೋಪೀನ್ ಕೊಡುವ ವೈದ್ಯರು ಎದೆಯನ್ನು ಪರೀಕ್ಷಿಸಿದ ಮೇಲೆ ಸ್ಟೆತಾಸ್ಕೋಪನ್ನು ಹೊಟ್ಟೆಯ ಮೇಲೂ ಇಡುತ್ತಾರೆ. ಗುಡುಗುಡು ಸದ್ದು ಅತಿಯಾಗಿದ್ದರೆ ವಿಷದ ಪ್ರಭಾವ ಇನ್ನೂ ಇಳಿದಿಲ್ಲ. ಸದ್ದೇ ಇಲ್ಲದಿದ್ದರೆ ಮದ್ದು ಹೆಚ್ಚಾಗಿರಬಹುದು.