ಹೊಗೆಯ ಗಾಯ

ಸುಟ್ಟವರನ್ನು ಕಂಡಾಗ ನಮ್ಮ ದೃಷ್ಟಿ ಮೊದಲು ಚರ್ಮದ ಮೇಲೆ ಬೀಳುವುದು ಸಹಜವು. ಆದರೆ ಕಣ್ಣಿಗೆ ಕಾಣದ ಗಾಯವೊಂದು ಎದೆಯೊಳಗೆ ಆಗಿರಬಹುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ವಿಜಯನಗರದ ಒತ್ತೊತ್ತಾದ ಬೀದಿಗಳಲ್ಲಿ ಮನೆವಾರ್ತೆ ನಡೆಸುವವರಾದುದರಿಂದ, ಇದನ್ನು ಕುರಿತು ಕೆಲವು ಮಾತುಗಳನ್ನು ಬರೆಯುತ್ತೇವೆ.

2010ನೆಯ ಇಸವಿ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡಕ್ಕೆ ಬೆಂಕಿ ಬಿದ್ದು 9 ಮಂದಿ ತೀರಿಕೊಂಡರು. ಅಲ್ಲಿ ಜ್ವಾಲೆಗಿಂತ ಹೊಗೆಯೇ ಕ್ರೂರವಾಯಿತು. ಅದನ್ನು ತಾಳಲಾರದೆ ಕೆಲವರು ಕಿಟಕಿಗಳಿಂದ ಹಾರಿದರು. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಕೋಕೋನಟ್ ಗ್ರೋವ್ ಎಂಬ ವಿನೋದಶಾಲೆಯು ಸುಟ್ಟು 492 ಮಂದಿ ಮಡಿದಾಗಲೂ, ಶ್ವಾಸಮಾರ್ಗಕ್ಕೆ ಆಗುವ ಇಂತಹ ಹಾನಿಯನ್ನು ಅಲ್ಲಿಯ ವೈದ್ಯರು ವಿವರವಾಗಿ ಬರೆದಿಟ್ಟರು.

ಕಾದ ಗಾಳಿಯು ಮುಖ್ಯವಾಗಿ ಗಂಟಲನ್ನೇ ಸುಡುತ್ತದೆ. ಗಂಟಲು ಒಡನೆಯೇ ಬಾಯದೆ, ಕೆಲವು ಗಂಟೆಗಳು ಕಳೆದ ಮೇಲೆ ಬಾತು ಉಸಿರಿನ ದಾರಿಯನ್ನು ಮುಚ್ಚಬಹುದು. ಹೊಗೆಯೊಳಗಿನ ವಿಷಗಳಾದರೋ ಇನ್ನೂ ಕೆಳಗಿಳಿದು ಶ್ವಾಸನಾಳಗಳ ಒಳಪೊರೆಯನ್ನು ಕೆಡಿಸುತ್ತವೆ. ಮಸಿಯೂ ಕಫವೂ ಸೇರಿ ಸಣ್ಣ ನಾಳಗಳನ್ನು ಕಟ್ಟುತ್ತವೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ಅನಿಲವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ರಕ್ತವನ್ನು ಹಿಡಿದುಕೊಳ್ಳುತ್ತದೆ. (ಬಾಣಂತಿಯ ಕೋಣೆಯ ಬಾಗಿಲು ಕಿಟಕಿಗಳನ್ನು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವ ಅಜ್ಜಿಯರು ಇದನ್ನು ಗಮನಿಸಬೇಕು.) ಬೆರಳಿಗೆ ಸಿಕ್ಕಿಸಿ ನೋಡುವ ಸಣ್ಣ ಯಂತ್ರವು ಈ ವಿಷವನ್ನು ಗುರುತಿಸಲಾರದೆ, ಎಲ್ಲವೂ ಸರಿಯೆಂದೇ ಅಂಕೆ ತೋರಿಸುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಮೈಯ ಬಹುಭಾಗ ಸುಟ್ಟಿದ್ದರೆ, ಹೊಗೆ ಸೋಕದಿದ್ದರೂ, ಕೆಲವು ದಿನಗಳಲ್ಲಿ ಶ್ವಾಸಕೋಶದ ಗಾಳಿಚೀಲಗಳಲ್ಲಿ ನೀರು ತುಂಬಿ ಉಸಿರಾಟವು ವಿಫಲವಾಗಬಹುದು. ನ್ಯುಮೋನಿಯಾ ಜ್ವರವೂ ಹೊಂಚುಹಾಕಿರುತ್ತದೆ. ಗಾಯವು ಒಣಗುತ್ತಿದೆಯೆಂದು ಮನೆಯವರು ಸಮಾಧಾನಗೊಳ್ಳುತ್ತಿರುವಾಗಲೇ ರೋಗಿಯು ಕೈಬಿಡುವುದು ಹೀಗೆ.

ಆದುದರಿಂದ, ಮುಚ್ಚಿದ ಕೋಣೆಯ ಹೊಗೆಯಲ್ಲಿ ಸಿಕ್ಕವರು ತಾವಾಗಿ ನಡೆದು ಬಂದು ಮಾತನಾಡಿದರೂ ಅವರನ್ನು ಮನೆಯಲ್ಲಿ ಮಲಗಿಸಬಾರದು. ಧ್ವನಿ ಒರಟಾಗುವುದು, ಮೂಗಿನ ಕೂದಲು ಸೀಯುವುದು, ಕಫದಲ್ಲಿ ಮಸಿ ಕಾಣುವುದು, ಉಸಿರಿನಲ್ಲಿ ಸಿಳ್ಳಿನ ಸದ್ದು, ಇವು ಅಪಾಯದ ಗುರುತುಗಳು. ಇವು ಕಂಡರೆ ಕುಡಿಯಲು ಏನನ್ನೂ ಕೊಡದೆ, ಕುಳ್ಳಿರಿಸಿಕೊಂಡು, 108ಕ್ಕೆ ಕರೆ ಮಾಡತಕ್ಕದ್ದು. ಗಂಟಲು ಮುಚ್ಚುವ ಮುನ್ನವೇ ವೈದ್ಯರು ನಳಿಕೆಯನ್ನು ಇಳಿಸಬೇಕಾಗಬಹುದು. ತಡವಾದರೆ ಅದಕ್ಕೆ ದಾರಿಯೇ ಉಳಿಯದು. ನಮ್ಮ ನಗರದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ಪ್ರತ್ಯೇಕ ವಿಭಾಗವುಂಟು. ಅಲ್ಲಿಗೆ ಹೋದೊಡನೆ, ಎಷ್ಟು ಸುಟ್ಟಿದೆ ಎಂಬುದನ್ನು ವೈದ್ಯರು ತಾವೇ ನೋಡುವರು. ರೋಗಿಯು ಎಷ್ಟು ಹೊತ್ತು ಹೊಗೆಯೊಳಗಿದ್ದಳು, ಕೋಣೆಯ ಬಾಗಿಲು ಮುಚ್ಚಿತ್ತೇ ಎಂಬುದನ್ನು ಕರೆತಂದವರೇ ಹೇಳಬೇಕು.