ಡೀಸೆಲ್ ಉಳಿತಾಯ: ದರ ನಮ್ಮ ಕೈಯಲ್ಲಿಲ್ಲ, ಬಳಕೆ ನಮ್ಮ ಕೈಯಲ್ಲಿದೆ



ಬೀಜ, ಗೊಬ್ಬರ, ಕೂಲಿ – ಈ ಮೂರರ ಖರ್ಚನ್ನು ನಮ್ಮ ಮನೆಗಳಲ್ಲಿ ತಪ್ಪದೆ ಲೆಕ್ಕ ಇಡುತ್ತೇವೆ. ಡೀಸೆಲ್, ಪೆಟ್ರೋಲಿನ ಲೆಕ್ಕ ಇಡುವ ಮನೆಗಳು ಕಡಿಮೆ. ಆದರೆ ಇಂದು ನಾರಾಯಣಪೇಟೆಯ ತೊಗರಿ ಹೊಲವಿರಲಿ, ಮಕ್ತಲ್ ಕಡೆಯ ಭತ್ತದ ಗದ್ದೆಯಿರಲಿ, ಕೃಷ್ಣಾ–ತುಂಗಭದ್ರೆಗಳ ನಡುವೆ ಇರುವ ಗದ್ವಾಲ ನಡಿಗಡ್ಡೆಯ ಹತ್ತಿ, ಶೇಂಗಾ ಹೊಲವಿರಲಿ, ಟ್ರ್ಯಾಕ್ಟರ್ ಮತ್ತು ಮೋಟಾರ್ ಸೈಕಲ್ ಇಲ್ಲದೆ ಕೆಲಸ ಸಾಗದು. ದರ ಇಳಿಸುವುದು ನಮ್ಮಿಂದ ಆಗದ ಕೆಲಸ. ಪೋಲಾಗುವುದನ್ನು ತಡೆಯುವುದು ನಮ್ಮಿಂದ ಆಗುವ ಕೆಲಸ. ಅದರ ದಾರಿಗಳನ್ನು ಈ ಸಲ ತಿಳಿಯೋಣ.

ಗಡಿಯಾಚೆಯ ಅಗ್ಗದ ಲೆಕ್ಕ

ಪೆಟ್ರೋಲ್, ಡೀಸೆಲ್‌ಗೆ ಜಿಎಸ್‌ಟಿ ಇಲ್ಲ. ಒಂದೊಂದು ರಾಜ್ಯದ ತೆರಿಗೆ ಒಂದೊಂದು ರೀತಿ. ಆದ್ದರಿಂದ ಕೃಷ್ಣಾ ಸೇತುವೆ ದಾಟಿ ರಾಯಚೂರು ಕಡೆ, ಇಲ್ಲವೇ ಯಾದಗಿರಿ ಕಡೆ ಹೋಗಿ ತುಂಬಿಸಿಕೊಂಡು ಬರುವ ರೂಢಿ ನಮ್ಮಲ್ಲಿದೆ. ಇದರಲ್ಲಿ ಲಾಭವಿದೆಯೇ? ಲೀಟರಿಗೆ 6 ರೂಪಾಯಿ ವ್ಯತ್ಯಾಸವಿದೆ ಎಂದುಕೊಳ್ಳಿ. ಹೋಗಿ ಬರಲು 40 ಕಿ.ಮೀ. ಇದ್ದು, ಜೀಪು ಲೀಟರಿಗೆ 12 ಕಿ.ಮೀ. ಕೊಟ್ಟರೆ, ದಾರಿಯಲ್ಲೇ 3 ಲೀಟರಿಗಿಂತ ಹೆಚ್ಚು, ಅಂದರೆ ಸುಮಾರು 300 ರೂಪಾಯಿ ಖರ್ಚಾಯಿತು. 50 ಲೀಟರ್ ತುಂಬಿಸಿದರೆ ಅಸಲು ಹುಟ್ಟೀತು, ಅಷ್ಟೇ. ಅದಕ್ಕೆಂದೇ ಹೋಗುವುದು ದಂಡ. ಪೇಟೆ ಕೆಲಸಕ್ಕೆ ಹೇಗೂ ಹೋದ ದಿನ ತುಂಬಿಸಿಕೊಂಡು ಬಂದರೆ ಮಾತ್ರ ಲಾಭ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ತಂದು ಮನೆಯೊಳಗೆ ಇಡುವುದಂತೂ ಬೆಂಕಿಯನ್ನು ಕರೆದು ಕೂರಿಸಿದಂತೆ.

ಟ್ರ್ಯಾಕ್ಟರ್ ಇರುವವರಿಗೆ

ಪೆಟ್ರೋಲಿಯಂ ಸಂರಕ್ಷಣೆಗೆಂದೇ ಕೇಂದ್ರ ಸರ್ಕಾರದ ಪಿಸಿಆರ್‌ಎ ಎಂಬ ಸಂಸ್ಥೆ ಇದೆ. ರೈತರಿಗೆ ಅದು ಹೇಳುವ ಮಾತುಗಳಲ್ಲಿ ಮುಖ್ಯವಾದವು ಇವು:

1. ಸೋರಿಕೆ ನಿಲ್ಲಿಸಿ. ಸೆಕೆಂಡಿಗೆ ಒಂದು ಹನಿ ಸೋರಿದರೆ ವರ್ಷಕ್ಕೆ 2,000 ಲೀಟರ್ ನೆಲದ ಪಾಲು. ಟ್ಯಾಂಕು, ಪೈಪು, ಫಿಲ್ಟರಿನ ಕೂಡುಜಾಗಗಳನ್ನು ವಾರಕ್ಕೊಮ್ಮೆ ಒರೆಸಿ ನೋಡಿ.

2. ನಿಂತಾಗ ಇಂಜಿನ್ ಆರಿಸಿ. ಸುಮ್ಮನೆ ಓಡುವ ಟ್ರ್ಯಾಕ್ಟರ್ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಕುಡಿಯುತ್ತದೆ. ಭತ್ತದ ಖರೀದಿ ಕೇಂದ್ರದಲ್ಲಿ, ಹತ್ತಿ ಮಿಲ್ಲಿನ ಮುಂದೆ ಸಾಲಿನಲ್ಲಿ ನಿಂತಾಗ ಇದು ನೆನಪಿರಲಿ.

3. ಕೆಲಸಕ್ಕೆ ತಕ್ಕ ಗೇರು ಹಾಕಿ. ತಪ್ಪು ಗೇರಿನಲ್ಲಿ ಓಡಿಸಿದರೆ ಡೀಸೆಲ್ ಖರ್ಚು ಶೇಕಡ 30ರವರೆಗೂ ಹೆಚ್ಚಬಹುದು.

ಇವಕ್ಕೆ ನಾವು ಇನ್ನೆರಡು ಮಾತು ಸೇರಿಸುತ್ತೇವೆ. ಎರೆ ಭೂಮಿಯನ್ನು ಹದ ನೋಡಿ ಉಳಬೇಕು. ತೀರ ಹಸಿಯಾಗಿದ್ದರೆ ಗಾಲಿ ಜಾರುತ್ತದೆ, ತೀರ ಒಣಗಿದ್ದರೆ ಇಂಜಿನ್ ಏದುಸಿರು ಬಿಡುತ್ತದೆ. ಹೊಲದ ಉದ್ದಕ್ಕೆ ಸಾಲು ಹೊಡೆದರೆ ತಿರುವುಗಳು ಕಡಿಮೆಯಾಗಿ ಡೀಸೆಲೂ ಹೊತ್ತೂ ಉಳಿಯುತ್ತವೆ.

ಹೊಗೆಯ ಬಣ್ಣವೂ ಮಾತಾಡುತ್ತದೆ. ಕಪ್ಪು ಹೊಗೆ ಬಂದರೆ ಏರ್ ಕ್ಲೀನರ್ ಧೂಳಿನಿಂದ ಕಟ್ಟಿರಬಹುದು, ಹೊರೆ ಹೆಚ್ಚಾಗಿರಬಹುದು, ಇಲ್ಲವೇ ಇಂಜೆಕ್ಟರ್ ಕೆಟ್ಟಿರಬಹುದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ರಾಶಿ ಮಾಡುವ ಕಾಲದ ಧೂಳಿನಲ್ಲಿ ಏರ್ ಕ್ಲೀನರನ್ನು ದಿನವೂ ನೋಡಬೇಕು.

ಬೈಕು, ಕಾರು, ಜೀಪು ಓಡಿಸುವವರಿಗೆ

ಗಂಟೆಗೆ 45ರಿಂದ 55 ಕಿ.ಮೀ. ವೇಗ ಉಳಿತಾಯಕ್ಕೆ ಒಳ್ಳೆಯದು. ಒಮ್ಮೆಲೇ ಓಡಿಸಿ ಒಮ್ಮೆಲೇ ಬ್ರೇಕ್ ಹಾಕುವವರ ಪೆಟ್ರೋಲ್ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಬೇಡಿ. ಟೈರಿನ ಗಾಳಿಯನ್ನು ಬೆಳಗಿನ ತಂಪಿನಲ್ಲಿ, ಗಾಡಿ ಓಡುವ ಮೊದಲು ನೋಡಿಸಿ. ಗಾಳಿ ಕಡಿಮೆಯಾದರೆ ಗಾಡಿ ಎಳೆಯುವುದು ಭಾರ, ಟೈರೂ ಬೇಗ ಸವೆಯುತ್ತದೆ. ಬೈಕಿನ ಚೈನಿಗೆ ಎಣ್ಣೆ ಇರಲಿ.

ಎರಡು ತಪ್ಪು ನಂಬಿಕೆಗಳನ್ನು ಬಿಡೋಣ. ಮುಂಜಾನೆ ತುಂಬಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ ಎನ್ನುವುದು ಒಂದು. ಬಂಕಿನ ಟ್ಯಾಂಕು ನೆಲದೊಳಗಿರುವುದರಿಂದ ಹಗಲು–ರಾತ್ರಿ ಅದರ ಬಿಸಿ ಅಷ್ಟಾಗಿ ಬದಲಾಗದು. ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಡುವುದು ಇನ್ನೊಂದು. ಅದರಿಂದ ಗಾಡಿ ಹಿಡಿತ ತಪ್ಪುತ್ತದೆ. ಫ್ಯೂಯಲ್ ಇಂಜೆಕ್ಷನ್ ಇರುವ ಈಗಿನ ಗಾಡಿಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನೇ ನಿಲ್ಲುತ್ತದೆ.

ಆರೋಗ್ಯದ ಮಾತು

ಪೈಪಿಗೆ ಬಾಯಿಟ್ಟು ಡೀಸೆಲ್ ಎಳೆಯುವುದನ್ನು ಇಂದೇ ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಅಪಾಯ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ. ವಾಂತಿ ಆಗುವಾಗ ಅದು ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ. ಪೇಟೆಯಲ್ಲಿ ಸಿಗುವ ಚಿಕ್ಕ ಕೈಪಂಪಿನ ಬೆಲೆ ಆಸ್ಪತ್ರೆಯ ಖರ್ಚಿನ ಮುಂದೆ ಏನೂ ಅಲ್ಲ.

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿತು. ಮುಚ್ಚಿದ ಕೊಟ್ಟಿಗೆಯಲ್ಲಿ, ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಮಕ್ಕಳನ್ನು ಹೊಗೆಯ ಹತ್ತಿರ ಬಿಡಬೇಡಿ.

ಮನೆಯವರೆಲ್ಲ ಮಾಡಬೇಕಾದದ್ದು

ಒಂದು ನೋಟುಪುಸ್ತಕದಲ್ಲಿ ತುಂಬಿಸಿದ ಲೀಟರ್, ಓಡಿದ ಕಿ.ಮೀ. ಬರೆದಿಡಿ. ದಿನಕ್ಕೆ 30 ಕಿ.ಮೀ. ಓಡುವ ಬೈಕು ಲೀಟರಿಗೆ 45ರ ಬದಲು 50 ಕೊಟ್ಟರೆ ತಿಂಗಳಿಗೆ 2 ಲೀಟರ್ ಉಳಿಯುತ್ತದೆ. ಲೀಟರಿಗೆ ನೂರೇ ರೂಪಾಯಿ ಹಿಡಿದರೂ ವರ್ಷಕ್ಕೆ 2,400 ರೂಪಾಯಿ. ಮಕ್ಕಳ ಪುಸ್ತಕಕ್ಕೆ ಅದು ದಾರಿಯಾದೀತು. ಭಾನುವಾರದ ಬಲಿಪೂಜೆಗೆ ಒಂದೇ ಊರಿನಿಂದ ನಾಲ್ಕು ಗಾಡಿಗಳಲ್ಲಿ ಬರುವ ಬದಲು ಕೂಡಿ ಬರಲು ಯೋಚಿಸೋಣ. ಹಾಗೆಂದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಜನರನ್ನು ತುಂಬುವುದು ಬೇಡ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಸೃಷ್ಟಿಯನ್ನು ಕಾಪಾಡುವ ದಿನನಿತ್ಯದ ಸಣ್ಣ ಕೆಲಸಗಳಲ್ಲಿ ವಾಹನ ಹಂಚಿಕೊಳ್ಳುವುದನ್ನೂ ಹೆಸರಿಸಿದ್ದಾರೆ.

ಐದು ಸಾವಿರ ಜನ ಉಂಡು ತೃಪ್ತರಾದ ಮೇಲೂ ಪ್ರಭು ಯೇಸು ಉಳಿದ ತುಣುಕುಗಳನ್ನು ಕೂಡಿಸಲು ಹೇಳಿದರು. ಹನ್ನೆರಡು ಬುಟ್ಟಿ ತುಂಬಿದವು. ಕೊಡುವ ದೇವರು ಧಾರಾಳಿ, ಆದರೂ ಪೋಲು ಮಾಡಲು ಬಿಡಲಿಲ್ಲ. ಬೆವರು ಸುರಿಸಿ ಗಳಿಸಿದ ನಮ್ಮ ಹಣವನ್ನೂ ಹಾಗೆಯೇ ಜೋಪಾನ ಮಾಡೋಣ.